ಭುಜದ ಮೇಲಿನ ಕಾಲು

ನಂಬುವುದಿಲ್ಲ ಅಂತ ಈಗಲೇ ಗಟ್ಟಿ ಮನಸ್ಸು ಮಾಡಿಕೊಂಡು ಓದಿ. ನಾನು ಒಂದು ಭಾನುವಾರ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಅಂಧೇರಿಯಲ್ಲಿ ಯುದ್ಧ ಟ್ಯಾಂಕಿನ ಕಮಾಂಡರ್ ಆಗಿದ್ದವನು. ಸೈನ್ಯದ ಮುಖ ಕಂಡವನಲ್ಲ. ಕಲಿತದ್ದು ಮೆಟ್ರಿಕ್, ಜೀವಮಾನದಲ್ಲಿ ಹಿಡಿದ ಆಯುಧವೆಂದರೆ ಬೊಂಬಾಯಿ ಫೋರ್ಟಿನ ಆಫೀಸಿನ ಒಂದು ಟೈಪ್‌ರೈಟರ್. ಆದರೂ ಆ ದಿನ ನನ್ನ ಅಪ್ಪಣೆಯಂತೆ ಟ್ಯಾಂಕ್ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ನಿಂತಿತು. ಅದೂ ಬಾಯಿಯ ಅಪ್ಪಣೆಯಲ್ಲ, ಕಾಲಿನ ಅಪ್ಪಣೆ. ನಗುತ್ತೀರಲ್ಲ? ನಗಿ. ತೊಂಬತ್ತು ದಾಟಿದ ಮುದುಕನಿಗೆ ಯಾರು ನಕ್ಕರೂ ಸಂತೋಷವೇ. ಈ ಬರಹದಲ್ಲಿ ಒಂದೇ ಒಂದು ಕಡೆ ಸುಳ್ಳು ಸೇರಿಸಿದ್ದೇನೆ. ತಾಕತ್ತಿದ್ದರೆ ಹಿಡಿಯಿರಿ ನೋಡುವಾ.

ಮೊನ್ನೆ ಬೊರಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಅಡುಗೆಮನೆಯಲ್ಲಿ ಸೊಸೆ ಗ್ರೈಂಡರಿಗೆ ಉದ್ದು ಹಾಕಿದಳು. ಅದೇ ಹೊತ್ತಿಗೆ ಮೊಮ್ಮಗ ಬಂದು ಮೊಬೈಲನ್ನು ನನ್ನ ಮೂಗಿನ ಕೆಳಗೆ ಹಿಡಿದ. ಯಾವುದೋ ದೇಶದ ಹೊಸ ಯುದ್ಧವಾಹನ ಅದರಲ್ಲಿ ಧೂಳೆಬ್ಬಿಸುತ್ತ ಓಡುತ್ತಿತ್ತು. ನಿಂತಕೂಡಲೇ ಹಿಂದಿನ ಬಾಗಿಲು ತೆರೆದು ಸಿಪಾಯಿಗಳು ಸಾಲಾಗಿ ಕೆಳಗಿಳಿದರು. ಮೇಲೆ ಜೇನುಹುಳದ ಹಾಗೆ ಒಂದು ಡ್ರೋನ್ ಸುತ್ತುತ್ತಿತ್ತು.

“ಅಜ್ಜಾ, ಇದ್ರಲ್ಲಿ ಡ್ರೈವರ್‌ಗೆ ಸಬ್ ಕುಛ್ ಕಾಣ್ತದೆ. ಚಾರೋ ತರಫ್ ಕ್ಯಾಮೆರಾ. ಆ ಹೆಲ್ಮೆಟ್ ಹಾಕಿದ್ರೆ ತಗಡಿನ ಆಚೆ ಭೀ ದಿಖ್ತಾ ಹೈ,” ಅಂದ.

ಟ್ಯಾಂಕಿನ ಗುಡುಗು, ಅರೆದ ಉದ್ದಿನ ವಾಸನೆ... ಇವೆರಡೂ ಒಟ್ಟಿಗೆ ಇದ್ದದ್ದು ನಾನು ಕಂಡಂತೆ ಒಬ್ಬನೇ ಒಬ್ಬ ಮನುಷ್ಯನಲ್ಲಿ. ಮೊಬೈಲ್ ಮಸುಕಾಯಿತು. ಕನ್ನಡಕದ ತಪ್ಪು ಅಂತ ಮೊಮ್ಮಗನಿಗೆ ಹೇಳಿದೆ.

ಐವತ್ತರ ದಶಕದ ಮಾತು. ಆಫೀಸಿನ ಹಿಂದಿನ ಗಲ್ಲಿಯಲ್ಲಿ ನಮ್ಮೂರ ಕಡೆಯವರ ಒಂದು ಹೋಟೆಲ್ ಇತ್ತು. ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು, ನನ್ನಂಥ ಟೈಪಿಸ್ಟರು, ಎಲ್ಲರ ಹೊಟ್ಟೆಯೂ ಅಲ್ಲೇ. ಅಡುಗೆಮನೆಯ ಹಿಂದೆ, ನಲ್ಲಿಯ ಪಕ್ಕ, ತೊಟ್ಟಿಯಷ್ಟು ದೊಡ್ಡ ಕಡೆಯುವ ಕಲ್ಲು. ಅದರ ಮುಂದೆ ಬರಿಮೈಯಲ್ಲಿ ಕೂತು ರುಬ್ಬುಗುಂಡು ತಿರುಗಿಸುತ್ತಿದ್ದವರನ್ನು ನಾನು ಕಲ್ಲಿನಣ್ಣ ಎಂದು ಕರೆಯುತ್ತಿದ್ದೆ. ನಲವತ್ತರ ಆಸುಪಾಸು, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಒಳಗೆ ಬಾರದಂಥ ಭುಜ, ಮಾತು ಕಡಿಮೆ. ಆ ಹೋಟೆಲಿನ ದೋಸೆಗೆ ಜನ ಸಾಲು ನಿಲ್ಲುತ್ತಿದ್ದದ್ದು ಇವರ ಕೈಯ ಹಿಟ್ಟಿಗೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಧಣಿ ಮಾತ್ರ ಅದು ತನ್ನ ನಗುಮುಖಕ್ಕೆ ಅಂದುಕೊಂಡಿದ್ದರು.

ನನ್ನ ಕಿತಾಪತಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಉಳಿದಿಲ್ಲವಾದ್ದರಿಂದ ಹೇಳುತ್ತೇನೆ. ಯಾರ ಸ್ವರವನ್ನಾದರೂ ತೆಗೆದು ತೋರಿಸುತ್ತಿದ್ದೆ. ಬಾಗಿಲ ಮರೆಯಿಂದ ಧಣಿಯ ಸ್ವರದಲ್ಲಿ “ಏಯ್, ಆರನೇ ಟೇಬಲಿಗೆ ಮೂರು ಶಿರಾ!” ಎಂದು ಕೂಗಿದರೆ ಮೀಸೆ ಸಪ್ಲೈಯರ್ ಮೂರು ಶಿರಾ ಹಿಡಿದುಕೊಂಡು ಖಾಲಿ ಟೇಬಲಿನ ಮುಂದೆ ಪೆಚ್ಚಾಗಿ ನಿಲ್ಲುತ್ತಿದ್ದ. ಮೀಸೆ ಸಪ್ಲೈಯರ್ ಅಂದರೆ ಆ ಹೋಟೆಲಿನ ಚಂದಗಾರ. ಸಿನಿಮಾಕ್ಕೆ ಸೇರುವುದಕ್ಕೆಂದೇ ಬೊಂಬಾಯಿಗೆ ಬಂದು, ಸೇರುವವರೆಗೆ ಇರಲಿ ಅಂತ ಇಡ್ಲಿ ಹೊರುತ್ತಿದ್ದವನು. ಇಡೀ ಹೋಟೆಲ್ ನನ್ನ ಸ್ವರಕ್ಕೆ ಬೀಳುತ್ತಿತ್ತು. ಕಲ್ಲಿನಣ್ಣ ಒಬ್ಬರು ಬೀಳುತ್ತಿರಲಿಲ್ಲ.

“ಧಣಿ ಮೊದಲು ಕೆಮ್ಮಿ ಮತ್ತೆ ಮಾತಾಡುದು,” ಅಂದರು ಒಮ್ಮೆ, ತಲೆ ಎತ್ತದೆ. “ನೀನು ಕೆಮ್ಮುದು ಮರ್ತೆ.”

ಅವತ್ತಿನಿಂದ ನಾನು ಅವರ ಹಿಂದೆ ಬಿದ್ದೆ. ಚಹಾದ ಲೋಟ ಹಿಡಿದು ಕಲ್ಲಿನ ಪಕ್ಕ ಕೂತು ಕೆದಕುತ್ತಿದ್ದೆ. ಊರಲ್ಲಿ ಬಸ್ಸು ಓಡಿಸಿಕೊಂಡಿದ್ದವರು ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ್ದರಂತೆ. ಲಾರಿ ಕೊಡುತ್ತಾರೆ ಅಂತ ಹೋದರೆ ಟ್ಯಾಂಕಿಗೆ ಹಾಕಿದರಂತೆ. ಬರ್ಮಾದ ಗುಡ್ಡಗಳಲ್ಲಿ ಸಣ್ಣ ಜಾತಿಯ ಟ್ಯಾಂಕಿನ ಡ್ರೈವರ್. ಬರ್ಮಾ ಎಂಬಲ್ಲಿಗೆ ಮಾತು ಬಂದರೆ ಗುಂಡು ತಿರುಗುವ ವೇಗ ಹೆಚ್ಚುತ್ತಿತ್ತು, ಮಾತು ನಿಲ್ಲುತ್ತಿತ್ತು. ಟ್ಯಾಂಕಿನ ಬಗ್ಗೆ ಕೇಳಿದರೆ ಮಾತ್ರ ಮೇಷ್ಟ್ರೇ ಆಗುತ್ತಿದ್ದರು.

“ಹೊರಗಿಂದ ಕಂಡವರಿಗೆ ಅದು ರಾಕ್ಷಸ. ಒಳಗೆ ಕೂತವನಿಗೆ ಗೊತ್ತು ಅದು ಕುರುಡು ಅಂತ. ಮುಚ್ಚಳ ಹಾಕಿದ ಮೇಲೆ ನನಗೆ ಕಾಣುದು ಇಷ್ಟಗಲದ ಸೀಳು.” ಹಿಟ್ಟಿನ ಬೆರಳೆರಡನ್ನು ಕಣ್ಣ ಮುಂದೆ ಹಿಡಿದು ತೋರಿಸಿದರು. “ಎದುರಿನ ಹತ್ತು ಮಾರು ನೆಲ ಕಾಣುದೇ ಇಲ್ಲ. ಕಣ್ಣು ಅಂದ್ರೆ ಮೇಲೆ ನಿಂತ ಕಮಾಂಡರ್, ಮತ್ತೆ ಬದಿಯಲ್ಲಿ ನಡೆದು ಬರುವ ಸಿಪಾಯಿ. ಕೆಲವು ಟ್ಯಾಂಕಿನ ಬೆನ್ನಿಗೆ ಫೋನಿನ ಪೆಟ್ಟಿಗೆ ಇಟ್ಟಿದ್ರು. ನಡೆಯುವವ ಅದ್ರಲ್ಲಿ ಒಳಗಿದ್ದವನ ಹತ್ರ ಮಾತಾಡುದು. ಅಲ್ಲಿ ಮರ ಉಂಟು, ಇಲ್ಲಿ ಗುಂಡಿ ಉಂಟು, ಮೆಲ್ಲ ಬಾ ಮಾರಾಯ, ಅಂತ.”

“ಮುಂದೆ ಎಂಥ ಆಗ್ತದೆ ಅಣ್ಣ? ಇನ್ನೂ ದಪ್ಪ ತಗಡು ಹಾಕ್ತಾರಾ?”

“ತಗಡು ದಪ್ಪ ಆದ ಹಾಗೆ ಅದಕ್ಕೆ ತೂತು ಮಾಡುದೂ ದಪ್ಪ ಆಗ್ತದೆ. ಈಗಲೇ ಒಬ್ಬ ಹೆಗಲ ಮೇಲೆ ಕೊಳವೆ ಇಟ್ಟು ಟ್ಯಾಂಕ್ ಒಡೆಯುವ ಕಾಲ ಬಂತು. ನೋಡ್ತಾ ಇರು, ಇನ್ನು ಸಿಪಾಯಿಗಳನ್ನೂ ಕಬ್ಬಿಣದ ಡಬ್ಬಿಯೊಳಗೆ ಕೂರಿಸಿ ಕೊಂಡುಹೋಗ್ತಾರೆ. ಆಗ ಒಳಗಿದ್ದವರೆಲ್ಲ ಕುರುಡರು. ಹೊರಗೆ ಕಣ್ಣು ಇಡುವವನೇ ಗೆಲ್ಲುದು.”

ಗುಂಡಿನ ಮೇಲೆ ಕೂತ ನೊಣವನ್ನೂ ಓಡಿಸದ ಈ ಮನುಷ್ಯ ಅರವತ್ತೆಪ್ಪತ್ತು ವರ್ಷ ಮೊದಲೇ ನನ್ನ ಮೊಮ್ಮಗನ ಮೊಬೈಲನ್ನು ನೋಡಿಬಿಟ್ಟಿದ್ದರು. ಮತ್ತೆ ಯಾಕೆ ಡ್ರೈವರ್ ಕೆಲಸಕ್ಕೆ ಹೋಗುವುದಿಲ್ಲ, ಬೊಂಬಾಯಿಯಲ್ಲಿ ಬಸ್ಸುಂಟು, ಲಾರಿಯುಂಟು, ಅಂತ ಕೇಳಿದೆ. ಅವರು ಕಲ್ಲನ್ನು ಒಮ್ಮೆ ತಟ್ಟಿದರು.

“ಇದು ಎಷ್ಟು ತಿರುಗಿದ್ರೂ ಎಲ್ಲಿಗೂ ಹೋಗುದಿಲ್ಲ ತಮ್ಮ. ಅದೇ ಇದರ ಚಂದ.”

ನಾನಿದ್ದದ್ದು ಅಂಧೇರಿಯ ಒಂದು ಚಾಳಿನ ಒಂಟಿ ಕೋಣೆಯಲ್ಲಿ. ಹಿಂದೆಯೇ ಒಂದು ಸಿನಿಮಾ ಸ್ಟುಡಿಯೋ. ಭಾನುವಾರ ಅಲ್ಲಿ ಸೆಟ್ಟಿಗೆ ಬಣ್ಣ ಬಳಿಯುತ್ತಿದ್ದೆ. ಆ ವರ್ಷ ಒಂದು ಮಾರಾಮಾರಿಯ ಪಿಚ್ಚರಿಗೆ ಶತ್ರುಗಳ ಟ್ಯಾಂಕ್ ಬೇಕಾಯಿತು. ಸೈನ್ಯದವರು ಮಾರಿದ ಹಳೇ ಲಾರಿಯೊಂದರ ಮೇಲೆ ಬಡಗಿಗಳು ಪ್ಲೈವುಡ್ಡಿನ ಟ್ಯಾಂಕ್ ಕಟ್ಟಿದರು. ಫಿರಂಗಿಯೆಂದರೆ ಕಟ್ಟಡದ ನೀರಿಳಿಯುವ ಪೈಪು, ಚಕ್ರಕ್ಕೆ ಕ್ಯಾನ್‌ವಾಸಿನ ಪಟ್ಟಿ. ಅದರ ಮೈಮೇಲೆ ಶತ್ರುಗಳ ಭಾಷೆಯಲ್ಲಿ ಏನಾದರೂ ಬರಿ ಅಂದರು ಡೈರೆಕ್ಟರ್ ಸಾಹೇಬರು. ನಾನು ದಪ್ಪ ಕೆಂಪು ಅಕ್ಷರದಲ್ಲಿ, ಕನ್ನಡದಲ್ಲಿ, ‘ಇಂದಿನ ವಿಶೇಷ: ಗೋಳಿಬಜೆ’ ಅಂತ ಬರೆದೆ. ಸಾಹೇಬರು ಹಿಂದೆ ಸರಿದು ನೋಡಿ, “ವಾಹ್, ಕಿತ್ನಾ ಖತರ್‌ನಾಕ್ ಲಗ್ತಾ ಹೈ,” ಅಂದರು. ನಂಬಬೇಡಿ, ಹೇಳಿದೆನಲ್ಲ.

ಸ್ಟುಡಿಯೋದ ಲಾರಿ ಡ್ರೈವರ್ ಆ ಪೆಟ್ಟಿಗೆಯೊಳಗೆ ಕೂತು, ಮುಂದಿನ ಸೀಳಿನಿಂದ ನೋಡುತ್ತ ಓಡಿಸಿದ ಮೊದಲ ದಿನವೇ ಒಂದು ಲೈಟಿನ ಕಂಬ, ಒಂದು ಬೇಲಿ, ಸಾಹೇಬರ ಕುರ್ಚಿ ಎಲ್ಲ ಪುಡಿ. ಮುಂದಿನ ಭಾನುವಾರದ ಶಾಟ್‌ನಲ್ಲಿ ಅಡ್ಡಕ್ಕೆ ತೋಡಿದ ಗುಂಡಿಯಲ್ಲಿ ನಾಲ್ಕು ಸಿಪಾಯಿಗಳು ಮಲಗಿರುತ್ತಾರೆ, ಟ್ಯಾಂಕ್ ಅವರತ್ತ ನುಗ್ಗಿ ಬಂದು ಸುಣ್ಣದ ಗೆರೆಯ ಹತ್ತಿರ ನಿಲ್ಲಬೇಕು. ಆ ನಾಲ್ವರಲ್ಲಿ ಒಬ್ಬ ನಮ್ಮ ಮೀಸೆ ಸಪ್ಲೈಯರ್. ಅವನಿಗೆ ಚಾನ್ಸು ಕೊಡಿಸಿದವನು ನಾನೇ.

ಸೋಮವಾರ ಕಲ್ಲಿನ ಪಕ್ಕ ಕೂತು ಕೊಚ್ಚಿಕೊಂಡೆ. “ಅಣ್ಣ, ನೀವು ಬನ್ನಿ. ಅಸಲಿ ಟ್ಯಾಂಕ್ ಡ್ರೈವರ್ ನನ್ನ ದೋಸ್ತ್ ಅಂತ ಹೇಳಿಬಿಟ್ಟಿದ್ದೇನೆ.”

“ನಾನು ಆ ಸೀಟಿನಲ್ಲಿ ಕೂತುಕೊಳ್ಳುದಿಲ್ಲ.”

“ಪ್ಲೈವುಡ್ ಅಣ್ಣ! ಗೆದ್ದಲು ಬಂದ್ರೆ ಹೋಯ್ತು.”

ಅವರು ಕೈ ತೊಳೆದುಕೊಂಡರು. ಆಮೇಲೆ ಕೇಳಿದರು, “ಎದುರು ಗುಂಡಿಯಲ್ಲಿ ಜನ ಉಂಟಾ? ನಿಜದ ಜನ?”

“ನಾಲ್ಕು ಜನ. ನಮ್ಮ ಮೀಸೆಯವನೂ ಉಂಟು.”

“ಓಡಿಸುವವನಿಗೆ ಮೇಲಿಂದ ಕಾಲು ಕೊಡುವವ ಯಾರು?”

“ಕಾಲು?”

“ಯಾರೂ ಇಲ್ವಾ? ಹಾಗೇ ಕುರುಡ ಓಡಿಸ್ತಾನಾ?” ಅಣ್ಣನ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಬಣ್ಣ ಬಂತು. “ಅವ್ನು ಕೊಲ್ತಾನೆ ತಮ್ಮ. ಯಾರನ್ನಾದ್ರೂ ಕೊಲ್ತಾನೆ.” ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, “ನಾನು ಬರ್ತೇನೆ. ಮೇಲೆ ನೀನೇ ನಿಲ್ಬೇಕು,” ಅಂದರು.

ಭಾನುವಾರ ಬೆಳಿಗ್ಗೆ ಅಂಧೇರಿ ಸ್ಟೇಷನ್ನಿನಲ್ಲಿ ಇಳಿದರು. ಒಗೆದ ಖಾಕಿ ಷರಟು, ಭುಜದ ಒಳಗೆ ಹೊಲಿದ ಬಟ್ಟೆಯ ಗಾದಿ. ಸ್ಟುಡಿಯೋದವರೆಗೆ ಗದ್ದೆಯ ಬದಿಯಲ್ಲಿ ನಡೆಯುತ್ತ ನನಗೆ ಕಾಲಿನ ಭಾಷೆ ಕಲಿಸಿದರು. ಟ್ಯಾಂಕಿನೊಳಗೆ ಸದ್ದಿಗೆ ಕಿವಿ ಕೇಳಿಸುವುದಿಲ್ಲ, ವೈರ್‌ಲೆಸ್ ಕೆಟ್ಟರಂತೂ ಮುಗಿಯಿತು. ಆಗ ಮೇಲೆ ನಿಂತ ಕಮಾಂಡರ್ ಡ್ರೈವರನ ಭುಜದ ಮೇಲೆ ಕಾಲಿಟ್ಟೇ ಮಾತಾಡುವುದು. ಎಡಭುಜ ಒತ್ತಿದರೆ ಎಡಕ್ಕೆ, ಬಲಭುಜ ಒತ್ತಿದರೆ ಬಲಕ್ಕೆ, ಬೆನ್ನ ನಡುವೆ ಒತ್ತಿದರೆ ಮುಂದಕ್ಕೆ. ತಲೆಯ ಮೇಲೆ ಕಾಲಿಟ್ಟರೆ ನಿಲ್ಲು ಅಂತ.

“ಏನೂ ಒತ್ತದಿದ್ರೆ ಅಣ್ಣ?”

“ಹೋಗ್ತಾ ಇದ್ದ ಹಾಗೇ ಹೋಗುದು. ನಾನು ನೋಡುವ ಹಾಗಿಲ್ಲ, ಯೋಚನೆ ಮಾಡುವ ಹಾಗಿಲ್ಲ. ಕಾಲು ಹೇಳಿದ್ದೇ ಸತ್ಯ.”

ದಾರಿ ಉದ್ದ ಇತ್ತು. ಮತ್ತೆ ಏನೇನೋ ಮಾತಾಡಿದರು...

ರಿಹರ್ಸಲ್ ಮಾತ್ರ ಹಬ್ಬ. ನಾನು ಮೇಲಿನ ತೂತಿನಲ್ಲಿ, ಅಡ್ಡಹಲಗೆಯ ಮೇಲೆ ಕೂತು, ಎದೆಯವರೆಗೆ ಹೊರಗೆ, ಮುಖಕ್ಕೆ ದುರ್ಬೀನು, ಬರಿಗಾಲೆರಡು ಒಳಗೆ ಅಣ್ಣನ ಭುಜದ ಮೇಲೆ. ಎಡ ಅಂದರೆ ಎಡ, ಬಲ ಅಂದರೆ ಬಲ. ಹೆಬ್ಬೆರಳು ಅಲ್ಲಾಡಿಸಿದರೂ ಅವರಿಗೆ ತಿಳಿಯುತ್ತಿತ್ತು. ಆದರೆ ನಿಲ್ಲಿಸಲು ತಲೆಯ ಮೇಲೆ ಕಾಲಿಡಬೇಕಲ್ಲ! ಹಿರಿಯರ ತಲೆ. ಮೊದಲ ಸಲ ಇಟ್ಟವನು ಕೂಡಲೇ ಬಗ್ಗಿ, ಅವರ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎರಡನೇ ಸಲವೂ. ಹೊರಗೆ ನಿಂತವರಿಗೆ ಶತ್ರುಗಳ ಕಮಾಂಡರ್ ಪ್ರತಿ ಸಲ ಟ್ಯಾಂಕಿನೊಳಗೆ ಮುಳುಗಿ ಏಳುವುದಷ್ಟೇ ಕಂಡಿತು. ಸಾಹೇಬರು ಕೂಗಾಡಿದರು.

“ಅದೆಲ್ಲ ಬಿಡು ಮಾರಾಯ,” ಅಂದರು ಕೆಳಗಿನಿಂದ ಅಣ್ಣ. “ಇಲ್ಲಿ ಕಾಲಿಗೆ ದೊಡ್ಡವರು ಸಣ್ಣವರು ಅಂತ ಇಲ್ಲ.” ಅವರ ಸ್ವರದಲ್ಲಿ ನಗು ಇತ್ತು. ಇಷ್ಟು ವರ್ಷಗಳ ಮೇಲೂ ಆ ನಗು ನನ್ನ ಅಂಗಾಲಿನಲ್ಲಿ ನೆನಪಿದೆ. ಭುಜ ಕುಲುಕಿತ್ತು.

ಶಾಟ್ ಶುರುವಾಯಿತು. ಹೊಗೆ ಬಿಟ್ಟರು, ಪಟಾಕಿ ಸಿಡಿಸಿದರು. ಬೆನ್ನಿಗೆ ಒತ್ತಿದೆ, ಟ್ಯಾಂಕ್ ಹೊರಟಿತು. ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಸುಣ್ಣದ ಗೆರೆ, ಅದರಾಚೆ ಮರಳಿನ ಮೂಟೆಗಳು, ಅವುಗಳ ಹಿಂದೆ ಗುಂಡಿ, ಗುಂಡಿಯಲ್ಲಿ ಕ್ಯಾಮೆರಾದ ಕಡೆಗೆ ಮೀಸೆ ತಿರುಗಿಸಿಕೊಂಡು ಮಲಗಿದ್ದ ಸಪ್ಲೈಯರ್. ಅವನನ್ನು ನೋಡಿದ್ದೇ ನನಗೆ ಹುಳ ಹೊಕ್ಕಿತು. ಇವನು ಎದ್ದು ಓಡುವುದನ್ನು ನೋಡಬೇಕು. ಇಡೀ ಹೋಟೆಲ್ ಬಿದ್ದರೂ ನನ್ನ ಆಟಕ್ಕೆ ಬೀಳದ ಅಣ್ಣ ಒಮ್ಮೆ ಬೆದರಿ ಬೀಳುವುದನ್ನೂ ನೋಡಬೇಕು. ಎರಡೆಣಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಕಾಲಿಟ್ಟು ನಿಲ್ಲಿಸಿದರಾಯಿತು.

ಗೆರೆ ಬಂತು. ನಾನು ಎರಡೂ ಕಾಲು ಮೇಲೆತ್ತಿದೆ.

ಕೆಳಗೆ ಬಗ್ಗಿ ನೋಡಿದೆ, ನಗು ತಡೆದುಕೊಂಡು. ಅಣ್ಣನ ಭುಜಗಳೆರಡೂ ಮೇಲಕ್ಕೆದ್ದಿದ್ದವು. ಕಾಲನ್ನು ಹುಡುಕುತ್ತಿದ್ದವು. ಕತ್ತು ಚಾಚಿ, ಬೆನ್ನು ಎತ್ತಿ, ಕತ್ತಲೆಯಲ್ಲಿ ಕಂಬ ತಡಕುವವರ ಹಾಗೆ ಆ ಭುಜಗಳು ನನ್ನ ಕಾಲನ್ನು ಹುಡುಕುತ್ತಿದ್ದವು. ಅವರ ಕೈ ಸ್ಟೇರಿಂಗ್ ಬಿಟ್ಟಿತು. ಬ್ರೇಕಿಗೆ ಕಾಲು ಹೋಗಲಿಲ್ಲ. ಎರಡೂ ಕೈ ಮುಂದೆ ಚಾಚಿ, ಅಲ್ಲಿ ಇಲ್ಲದ ಯಾವುದನ್ನೋ ಹಿಡಿದು ಎದೆಯತ್ತ ಎಳೆದರು, ಮತ್ತೆ ಎಳೆದರು. ಅಸಲಿ ಟ್ಯಾಂಕಿಗೆ ಸ್ಟೇರಿಂಗ್ ಇರುವುದಿಲ್ಲ, ಎರಡು ಸನ್ನೆಕೋಲು ಇರುತ್ತವೆ, ಎರಡನ್ನೂ ಒಟ್ಟಿಗೆ ಎಳೆದರೆ ನಿಲ್ಲುತ್ತದೆ ಅಂತ ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಇದು ಪ್ಲೈವುಡ್ ಹೊದ್ದ ಲಾರಿ. ಲಾರಿ ನಿಲ್ಲಲಿಲ್ಲ.

ನಾನು ತಲೆಯ ಮೇಲೆ ಕಾಲಿಡಲು ಹೋದೆ. ತಲೆ ಅಲ್ಲಿರಲಿಲ್ಲ, ಅವರು ಮುಂದಕ್ಕೆ ಬಾಗಿಬಿಟ್ಟಿದ್ದರು. ನನ್ನ ಕಾಲು ಗಾಳಿ ತುಳಿಯಿತು.

ಮರಳಿನ ಮೂಟೆಗಳು ದೊಡ್ಡವು. ಅದು ನಮ್ಮ ಪುಣ್ಯ. ಮುಂದಿನ ಚಕ್ರ ಅವುಗಳ ಮೇಲೆ ಅರ್ಧ ಹತ್ತಿ, ಕುಲುಕಿ, ಇಂಜಿನ್ ಬಂದಾಯಿತು. ಮೂಟೆಯೊಂದು ಒಡೆದು ಸಪ್ಲೈಯರನ ಕತ್ತಿನ ಮೇಲೆ ಮರಳು ಸುರಿಯಿತು. ಚಕ್ರಕ್ಕೂ ಅವನ ತಲೆಗೂ ಒಂದು ಗೇಣು.

“ಕಟ್! ಬಹುತ್ ಬಢಿಯಾ! ಏಕ್‌ದಮ್ ಅಸಲಿ!” ಸಾಹೇಬರು ಕುಣಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಣ್ಣ ಕೆಳಗಿಳಿದರು. ಯಾರನ್ನೂ ನೋಡದೆ ಗುಂಡಿಯ ಹತ್ತಿರ ಹೋಗಿ, ಸಪ್ಲೈಯರನನ್ನು ರಟ್ಟೆ ಹಿಡಿದು ಎಬ್ಬಿಸಿದರು. ಅವನ ಕೈ, ಕಾಲು, ಎದೆ ಎಲ್ಲ ತಡವಿ ನೋಡಿದರು. “ಎಂಥ ಅಣ್ಣ, ಕಚಗುಳಿ ಆಗ್ತದೆ,” ಅಂತ ಅವನು ನಕ್ಕ. ಆಮೇಲೆ ಉಳಿದ ಮೂವರನ್ನೂ ಎಬ್ಬಿಸಿ ಸಾಲಾಗಿ ನಿಲ್ಲಿಸಿ ಬೆರಳು ಮಾಡಿ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಮೊದಲಿನಿಂದ ಎಣಿಸಿದರು. ಮೂರನೇ ಸಲವೂ ಎಣಿಸಿದರು.

ಇನ್ನೊಂದು ಟೇಕ್ ಇದೆ ಅಂತ ಸಾಹೇಬರು ಕೂಗುತ್ತಿದ್ದಂತೆಯೇ ಅಣ್ಣ ಸ್ಟೇಷನ್ನಿನ ಕಡೆ ನಡೆದರು. ನಾನು ಚಪ್ಪಲಿಯನ್ನೂ ಹಾಕದೆ ಹಿಂದೆ ಓಡಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಎರಡು ಲೋಕಲ್ ಬಂದು ಹೋದವು. ಆಗ ಅವರು ಬರ್ಮಾದ ಕತೆ ಹೇಳಿದರು.

ಒಂದು ಗುಡ್ಡ ಹತ್ತಬೇಕಿತ್ತಂತೆ. ತಮ್ಮದೇ ಸಿಪಾಯಿಗಳು ಮುಂದೆ, ಹುಲ್ಲಿನಲ್ಲಿ ಮಲಗಿ, ಟ್ಯಾಂಕ್ ಬರುವುದನ್ನೇ ಕಾಯುತ್ತಿದ್ದರಂತೆ. ವೈರ್‌ಲೆಸ್ ಕೆಟ್ಟಿತ್ತು. ಭುಜದ ಮೇಲೆ ಕಮಾಂಡರನ ಕಾಲಿತ್ತು. ಎಡಕ್ಕೆ, ಬಲಕ್ಕೆ, ಮುಂದಕ್ಕೆ... ಆಮೇಲೆ ಕಾಲು ಏನೂ ಹೇಳಲಿಲ್ಲ.

“ಹೇಳದಿದ್ರೆ ಹೋಗ್ತಾ ಇರುದು. ನಾನು ಹೋದೆ,” ಅಂದರು. “ಮೇಲೆ ಅವ್ರ ಕತ್ತಿಗೆ ಗುಂಡು ಬಿದ್ದಿತ್ತು. ಕಾಲು ಜೋತುಬಿದ್ದಿತ್ತು. ನನಗೆ ಹೇಗೆ ಗೊತ್ತಾಗ್ಬೇಕು?”

“ಎಷ್ಟು ಜನ ಅಣ್ಣ?”

“ಇಳಿದು ನೋಡ್ಲಿಲ್ಲ ನಾನು. ನೋಡಿದವ್ರು ಹೇಳ್ಲಿಲ್ಲ.”

ಮೂರನೇ ಲೋಕಲ್ ದೂರದಲ್ಲಿ ಕಂಡಿತು. ನಾನು ಹೇಳಿದೆ, “ಕಾಲು ಜಾರಿತು ಅಣ್ಣ. ಬೆವರಿಗೆ.”

ಅವರು ನನ್ನ ಮಣ್ಣಾದ ಬರಿಗಾಲುಗಳನ್ನು ನೋಡಿದರು. ಸಿಟ್ಟಿನಿಂದಲ್ಲ. ಅಕ್ಕಿಯಲ್ಲಿ ಕಲ್ಲು ನೋಡುವ ಹಾಗೆ.

“ಜಾರಿದ ಕಾಲು ಕೆಳಗೆ ಬರ್ತದೆ ತಮ್ಮ,” ಅಂದರು. “ಮೇಲೆ ಹೋಗುದಿಲ್ಲ.”

ಲೋಕಲ್ ಬಂತು, ಹತ್ತಿ ಹೋದರು.

ಒಂದು ವಾರ ನಾನು ಆ ಗಲ್ಲಿಗೆ ಕಾಲಿಡಲಿಲ್ಲ. ಹೋದಾಗ ಕಲ್ಲಿನ ಮುಂದೆ ಬೇರೆ ಯಾರೋ ಕೂತಿದ್ದರು. ಅಣ್ಣ ಹೋಟೆಲ್ ಬಿಟ್ಟಿದ್ದರು. ಪುಣೆ ಅಂದರು ಕೆಲವರು, ಊರು ಅಂದರು ಕೆಲವರು. ದೋಸೆ ಮೊದಲಿನ ಹಾಗಿರಲಿಲ್ಲ, ಧಣಿಯ ನಗುಮುಖ ಮಾತ್ರ ಹಾಗೇ ಇತ್ತು. ನಾನು ಸ್ವರ ತೆಗೆಯುವುದನ್ನು ಬಿಟ್ಟೆ ಅಂತ ಬರೆದರೆ ಚಂದ ಕಾಣುತ್ತಿತ್ತು. ಬಿಡಲಿಲ್ಲ. ಆದರೆ ಮೊದಲು ಕೆಮ್ಮಿ ಆಮೇಲೆ ಮಾತಾಡುವುದನ್ನು ಕಲಿತೆ, ಮತ್ತು ಕೆಮ್ಮಿದಾಗಲೆಲ್ಲ... ಇರಲಿ. ಪಿಚ್ಚರು ಬಂದಾಗ ಹೋಗಿ ನೋಡಿದೆ. ಗೋಳಿಬಜೆಯ ಟ್ಯಾಂಕ್ ನುಗ್ಗಿ ಬರುತ್ತದೆ, ಕಮಾಂಡರ್ ಇದ್ದಕ್ಕಿದ್ದಂತೆ ಒಳಗೆ ಬಗ್ಗುತ್ತಾನೆ. ಜನ ಶಿಳ್ಳೆ ಹಾಕಿದರು. ಓಡಿಸಿದವರ ಮುಖ ಎಲ್ಲೂ ಕಾಣುವುದಿಲ್ಲ.

ಅಣ್ಣನ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ. ಈಗ ಬದುಕಿರುವುದು ಸಾಧ್ಯವೂ ಇಲ್ಲ.

ಮೊನ್ನೆ ಮೊಬೈಲಿನ ಆ ವೀಡಿಯೋ ಮುಗಿದ ಮೇಲೆ ಮೊಮ್ಮಗನನ್ನು ಕೇಳಿದೆ, “ಈ ಕ್ಯಾಮೆರಾ ಎಲ್ಲ ಒಮ್ಮೆಗೇ ಕೆಟ್ಟರೆ ಡ್ರೈವರ್ ಏನು ಮಾಡ್ತಾನೆ?”

“ಕೆಡಲ್ಲ ಅಜ್ಜ. ಬ್ಯಾಕಪ್ ಹೋತಾ ಹೈ.”

ಒಳ್ಳೆಯದಾಯಿತು. ಕಬ್ಬಿಣಕ್ಕೆ ಸುತ್ತಲೂ ಕಣ್ಣು ಬಂತು. ಇನ್ನು ಯಾರೂ ಯಾರ ಕಾಲನ್ನೂ ನಂಬಿ ಹೋಗಬೇಕಾಗಿಲ್ಲ.

ಸುಳ್ಳು ಯಾವುದು ಅಂತ ಕೇಳುತ್ತೀರಿ. ಗೋಳಿಬಜೆ ನಿಜ. ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ನಿಜ, ಒಂದು ಗೇಣು ನಿಜ. ಬೆಂಚಿನ ಮೇಲೆ ಅಣ್ಣ ಬರ್ಮಾದ ಕತೆ ಹೇಳಲಿಲ್ಲ. ಬೆಂಚಿನ ಮೇಲೆ ಅವರು ಆಡಿದ್ದು ಆ ಜಾರಿದ ಕಾಲಿನ ಮಾತು ಒಂದೇ. ಗುಡ್ಡ, ಹುಲ್ಲು, ಕಮಾಂಡರನ ಜೋತುಬಿದ್ದ ಕಾಲು, ಅದನ್ನೆಲ್ಲ ಬೆಳಿಗ್ಗೆಯೇ ಹೇಳಿದ್ದರು, ಸ್ಟುಡಿಯೋಕ್ಕೆ ನಡೆಯುವಾಗ, ಆ ಗದ್ದೆಯ ಬದಿಯಲ್ಲಿ. ಹೇಳಿ ಮುಗಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, “ಅದಕ್ಕೆ ಹೇಳುದು ತಮ್ಮ, ಎಂಥ ಆದ್ರೂ ಕಾಲು ಮಾತ್ರ ಎತ್ಬೇಡ,” ಅಂದಿದ್ದರು.

ನಾನು, “ಆಯ್ತು ಅಣ್ಣ,” ಅಂದಿದ್ದೆ.